ಬೆನ್ನ ಹಿಂದಿನ ಅಕ್ಷರ

ಈ ಊರಿನಲ್ಲಿ ನೆಟ್ಟಗೆ ಬರೆಯುವ ಕೈ ಎಲ್ಲಾದರೂ ಕಂಡರೆ ಆ ಕೈಯನ್ನು ತಿದ್ದಿದವಳು ನಾನು. ಡಾಕ್ಟರು ಬರೆದ ಚೀಟಿ ಔಷಧಿ ಅಂಗಡಿಯವನಿಗೆ ಓದಲು ಬಂದರೆ ಆ ಡಾಕ್ಟರು ನನ್ನ ತರಗತಿಯಲ್ಲಿ ಕೂತು ಎದ್ದವನು. ಬಾರದಿದ್ದರೆ ಬೇರೆ ಶಾಲೆಯವನು, ನನ್ನನ್ನು ದೂರಬೇಡಿ. ಒಮ್ಮೆ ಒಬ್ಬ ಕಳ್ಳ ಒಂದು ಮನೆ ದೋಚಿ, ಹೋಗುವಾಗ ‘ಕ್ಷಮಿಸಿ’ ಎಂದು ಗೋಡೆಯ ಮೇಲೆ ಬರೆದು ಹೋದನಂತೆ. ಪೊಲೀಸರು ಆ ಅಕ್ಷರದ ದುಂಡು ನೋಡಿದವರೇ ನೇರವಾಗಿ ನಮ್ಮ ಮನೆಗೆ ಬಂದು, “ಇವನು ನಿಮ್ಮ ಯಾವ ವರ್ಷದ ಶಿಷ್ಯ, ಮಿಸ್?” ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅಷ್ಟು ಚೆಂದದ ‘ಕ್ಷ’ ಬರೆಯುವವನನ್ನು ಹಿಡಿದುಕೊಡಲು ಮನಸ್ಸಾದರೂ ಹೇಗೆ ಬರುತ್ತದೆ?

ನನ್ನ ವಿದ್ಯೆಯಲ್ಲಿ ಗುಟ್ಟೇನೂ ಇಲ್ಲ. ಬರವಣಿಗೆ ಬೆರಳಿನಲ್ಲಿ ಹುಟ್ಟುವುದಿಲ್ಲ, ಭುಜದಲ್ಲಿ ಹುಟ್ಟುತ್ತದೆ. ಪುಟ್ಟ ಮಗುವಿನ ಕೈಗೆ ಪೆನ್ಸಿಲ್ ತುರುಕಿ ‘ಬರಿ’ ಎಂದರೆ ಅದು ಪೆನ್ಸಿಲಿನ ಕತ್ತು ಹಿಸುಕುತ್ತದೆಯೇ ಹೊರತು ಬರೆಯುವುದಿಲ್ಲ. ಅದಕ್ಕೇ ನನ್ನ ತರಗತಿಯಲ್ಲಿ ಮೊದಲು ಇಡೀ ತೋಳು ಬೀಸಿ ಗಾಳಿಯಲ್ಲಿ ಬರೆಯಬೇಕು. ಆಮೇಲೆ ಹಿತ್ತಲ ಗೋಡೆಯ ಮೇಲೆ, ಸುಣ್ಣ ಬಳಿಯುವ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಬರೆಯಬೇಕು. ಅದಾದ ಮೇಲೆ ಮರಳಿನ ತಟ್ಟೆ. ಪೆನ್ಸಿಲ್ ಮತ್ತು ಕಾಗದ ಬರುವುದು ಎಲ್ಲರೂ ಕಾದು ಕಾದು ಸುಸ್ತಾದ ಮೇಲೆ, ದೊಡ್ಡ ಮನುಷ್ಯರು ಸಭೆಗೆ ಬರುವ ಹಾಗೆ.

ಬೋರ್ಡನ್ನು ನಾನು ಮುಟ್ಟುವುದಿಲ್ಲ. ಬೋರ್ಡಿನ ಮೇಲೆ ಬರೆಯುವವರು ಮಕ್ಕಳಿಗೆ ತೋರಿಸುವುದು ತಮ್ಮ ಬೆನ್ನನ್ನು. ಆ ಬೆನ್ನು ಸರಿಯುವ ಹೊತ್ತಿಗೆ ಅಕ್ಷರ ಆಗಲೇ ಸಿದ್ಧವಾಗಿ ಕೂತಿರುತ್ತದೆ. ಅದು ಎಲ್ಲಿಂದ ಹೊರಟಿತು, ಎಲ್ಲಿ ಹೊರಳಿತು, ಎಲ್ಲಿ ಉಸಿರು ತೆಗೆದುಕೊಂಡಿತು ಎಂಬುದು ಯಾರಿಗೂ ಕಾಣುವುದಿಲ್ಲ. ನಾನು ಮಕ್ಕಳ ಮುಖ ನೋಡುತ್ತ ಗಾಳಿಯಲ್ಲಿ ಬರೆಯುತ್ತೇನೆ. ಎದುರು ನಿಂತವಳು ತನಗೆ ಸರಿಯಾಗಿ ಬರೆದುಕೊಂಡರೆ ಮಕ್ಕಳಿಗೆ ಅದು ಕನ್ನಡಿಯೊಳಗಿನ ಅಕ್ಷರವಾಗಿ ಕಾಣುತ್ತದೆ. ಹಾಗಾಗಿ ನಾನು ನನ್ನ ಕಡೆಯಿಂದ ಎಲ್ಲವನ್ನೂ ತಿರುಗಿಸಿ, ಬಲದಿಂದ ಎಡಕ್ಕೆ ಬರೆಯುತ್ತೇನೆ. ಎದುರಿನವರಿಗೆ ಅದು ನೆಟ್ಟಗೆ ಎಡದಿಂದ ಬಲಕ್ಕೆ ಸಾಗುತ್ತದೆ. ಇದು ಕಂಡಕಂಡವರಿಗೆ ಒಲಿಯುವ ವಿದ್ಯೆಯಲ್ಲ. ನಾನು ಕೈಯೆತ್ತಿ ಒಂದು ‘ಳ’ ಎಳೆದರೆ ಮುಂದಿನ ಸಾಲಿನ ಮಕ್ಕಳ ಕೂದಲು ಹಾರುತ್ತದೆ, ತಲೆಯ ಮೇಲಿನ ಫ್ಯಾನು ತನಗಿಲ್ಲೇನು ಕೆಲಸ ಎಂದು ನಾಚಿ ನಿಂತುಬಿಡುತ್ತದೆ. ಅದು ಕರೆಂಟು ಹೋದದ್ದಕ್ಕೆ ಎನ್ನುವವರಿದ್ದಾರೆ. ಹೊಟ್ಟೆಕಿಚ್ಚಿನ ಜನ. ಮಕ್ಕಳಂತೂ ನನ್ನನ್ನು ಕರೆಯುವುದೇ ‘ಗಾಳಿ ಮಿಸ್’ ಎಂದು.

ನಮ್ಮ ಶಾಲೆಯ ಹೆಡ್‌ಮಿಸ್ ನನ್ನ ನಾದಿನಿ, ಅಂದರೆ ನನ್ನ ಗಂಡನ ಸ್ವಂತ ತಂಗಿ. ಶಾಲೆಯ ಗೇಟಿನ ಹೊರಗೆ ನಾನು ಅತ್ತಿಗೆ, ಅವಳು ತಲೆ ತಗ್ಗಿಸಬೇಕು. ಗೇಟಿನ ಒಳಗೆ ಅವಳು ಮೇಡಂ, ನಾನು ತಲೆ ತಗ್ಗಿಸಬೇಕು. ಹೊರಗೆ ಅವಳು ತಗ್ಗಿಸಿದ್ದನ್ನು ನಾನು ಕಂಡಿಲ್ಲ, ಒಳಗೆ ನಾನು ತಗ್ಗಿಸಿದ್ದನ್ನು ಅವಳೂ ಕಂಡಿಲ್ಲ. ಹೀಗೆ ಇಬ್ಬರ ಕತ್ತೂ ಆರೋಗ್ಯವಾಗಿವೆ.

ಅವಳ ರೂಮಿಗೆ ಗಾಜಿನ ಬಾಗಿಲು. ಅದರ ಮೇಲೆ ಬಿಳಿ ಬಣ್ಣದಲ್ಲಿ ‘ಬಾಗಿಲು ತಟ್ಟಿ ಒಳಗೆ ಬನ್ನಿ’ ಎಂದು ಬರೆಸಿದ್ದಾಳೆ. ಆ ನಾಲ್ಕು ಮಾತಿನ ಮೇಲೆ ಅವಳಿಗಿರುವ ಭಕ್ತಿ ಹೇಳತೀರದು. ತಟ್ಟದೆ ಒಳಗೆ ಹೋದವರನ್ನು ಹೊರಗೆ ಕಳಿಸಿ, ತಟ್ಟಿಸಿ, ಮತ್ತೆ ಕರೆಯುತ್ತಾಳೆ. ಶಾಲೆಗೆ ಬೆಂಕಿ ಬಿದ್ದಿದೆ ಎಂದು ಓಡಿಬಂದವನೂ ತಟ್ಟಿಯೇ ಹೇಳಬೇಕು. ತಮಾಷೆಯೆಂದರೆ, ತನ್ನ ಖಾಲಿ ರೂಮಿಗೆ ತಾನೇ ಹೋಗುವಾಗಲೂ ಆ ಬರಹ ಕಂಡೊಡನೆ ಅವಳ ಕೈ ತಾನಾಗಿ ಮೇಲೆದ್ದು ಟಕಟಕ ಎನ್ನುತ್ತದೆ. ಒಳಗಿನಿಂದ ಯಾರೂ ‘ಬನ್ನಿ’ ಎನ್ನದಿದ್ದಕ್ಕೆ ಒಂದು ಕ್ಷಣ ಬೇಸರವನ್ನೂ ಮಾಡಿಕೊಳ್ಳುತ್ತಾಳೆ ಎಂದು ನನ್ನ ಗುಮಾನಿ.

ವರ್ಷದ ನಡುವೆ ಒಂದು ದಿನ ಬೀದಿಯ ಕೊನೆಯ ದರ್ಜಿ ಅಜ್ಜಿ ತನ್ನ ಮೊಮ್ಮಗಳನ್ನು ಎಳೆದುಕೊಂಡು ಬಂದಳು. ಹುಡುಗಿಯ ಅಪ್ಪ ಅಮ್ಮ ರಸ್ತೆ ಕೆಲಸದವರು. ರಸ್ತೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅವರೂ ಹೋಗುತ್ತಿದ್ದರು. ಹುಡುಗಿಗೆ ಏಳು ತುಂಬಿದ್ದರೂ ಶಾಲೆಯ ನೆರಳು ಬಿದ್ದಿರಲಿಲ್ಲ. ತೆಳ್ಳಗೆ, ನೆಟ್ಟಗೆ, ದುಂಡು ತಲೆ; ಫ್ರಾಕಿನ ಕಾಲರಿನ ತುಂಬ ಅಜ್ಜಿ ಸಿಕ್ಕಿಸಿ ಮರೆತ ಗುಂಡುಸೂಜಿಗಳು. ಮಕ್ಕಳು ಅವತ್ತೇ ಅವಳಿಗೆ ‘ಗುಂಡುಸೂಜಿ’ ಎಂದು ಹೆಸರಿಟ್ಟರು.

“ಟೀಚರಮ್ಮ, ಇದಕ್ಕೆ ಅಕ್ಷರ ಹಚ್ಚಿ,” ಎಂದಳು ಅಜ್ಜಿ. “ಬುದ್ಧಿ ಬೇಕಾದಷ್ಟಿದೆ. ಬಾಯಿ ಅದಕ್ಕಿಂತ ಜಾಸ್ತಿ ಇದೆ.”

“ಯಾರ ಥರ?” ಎಂದೆ.

“ನನ್ನ ಥರ ಅಂತ ಹೇಳಿಸ್ಬೇಕು ಅಂತ ಕೇಳ್ತಿದ್ದೀರಾ? ಹೌದು, ನನ್ನ ಥರಾನೇ.”

ವಯಸ್ಸಿಗೆ ತಕ್ಕಂತೆ ಅವಳನ್ನು ನನ್ನ ಎರಡನೇ ತರಗತಿಗೆ ಹಾಕಿದರು. ಆದರೆ ಅಲ್ಲಿ ಆಗಲೇ ಮಕ್ಕಳು ಡಬ್ಬಿಯೊಳಗಿನ ಬೆಂಕಿಕಡ್ಡಿಯ ಹಾಗೆ ಒತ್ತಿಕೊಂಡು ಕೂತಿದ್ದರು. ಒಂದು ಕಡ್ಡಿ ಜಾಸ್ತಿಯಾದರೂ ಡಬ್ಬಿಯೇ ಹೊತ್ತಿಕೊಳ್ಳುತ್ತಿತ್ತು. ಬಡಗಿಗೆ ಹೊಸ ಬೆಂಚು ಹೇಳಿದ್ದಾಯಿತು. ಅದು ಬರುವ ತನಕ ಅಂತ ನನ್ನ ಮೇಜಿನ ಹಿಂದೆ, ಬೀರುವಿನ ಪಕ್ಕ ಒಂದು ಸ್ಟೂಲು ಹಾಕಿ ಅಲ್ಲಿ ಕೂರಿಸಿದೆ. ಬಡಗಿಗಳ ‘ನಾಳೆ’ ನಿಮಗೆ ಗೊತ್ತೇ ಇದೆ. ಹುಡುಗಿಯ ಪಾಲಿಗೆ ಬಂದದ್ದು ನನ್ನ ಬೆನ್ನು, ನನ್ನ ಜಡೆ, ಬೀಸುವ ನನ್ನ ಬಲಗೈ.

ಆದರೆ ಕಲಿತದ್ದೇನು ಕಡಿಮೆಯೇ? ಗಾಳಿಯಲ್ಲಿ ಬರೆಯುವಾಗ ಎಲ್ಲ ಮಕ್ಕಳ ಕೈ ನೊಣ ಓಡಿಸುವಂತೆ ಆಡಿದರೆ, ನನ್ನ ಬೆನ್ನ ಹಿಂದಿನಿಂದ ಸುಂಯ್ ಎಂದು ಗಾಳಿ ಸೀಳುವ ಸದ್ದು ಬರುತ್ತಿತ್ತು. ಹಿತ್ತಲ ಗೋಡೆಯ ಹತ್ತಿರವೂ ಅವಳದ್ದೇ ರಭಸ. ಅವಳು ನೀರಿನಲ್ಲಿ ಬರೆದದ್ದನ್ನು ನಾನು ಹತ್ತಿರ ಹೋಗಿ ನೋಡುವ ಮೊದಲೇ ಬಿಸಿಲು ಕುಡಿದುಬಿಡುತ್ತಿತ್ತು. ಮರಳಿನ ತಟ್ಟೆಯಲ್ಲಿ ಬರೆದು, ನಾನು ತಿರುಗುವುದರೊಳಗೆ ತಾನೇ ಅಳಿಸಿ, ಮುಂದಿನದಕ್ಕೆ ಕೈ ಹಾಕಿರುತ್ತಿದ್ದಳು. ಇಂಥ ಶಿಷ್ಯೆ ಸಿಕ್ಕಿದ್ದಕ್ಕೆ ನಾನು ನನ್ನನ್ನೇ ಅಭಿನಂದಿಸಿಕೊಂಡೆ. ಬೇರೆ ಯಾರೂ ಅಭಿನಂದಿಸದಿದ್ದಾಗ ಅದು ನನ್ನ ರೂಢಿ.

ಹೀಗಿರುವಾಗ ನಾದಿನಿ ಪರೀಕ್ಷೆಗೆ ಬಂದಳು. ಆಗಾಗ ಹಾಗೆ ಬಂದು, ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿ, ‘ನಮ್ಮ ಶಾಲೆ ಚೆಂದದ ಶಾಲೆ’ ಎಂದು ಬರೆಸುವುದು ಅವಳ ಪದ್ಧತಿ. ಚೆನ್ನಾಗಿ ಬರೆದದ್ದು ಗೋಡೆಗೆ ಏರುತ್ತದೆ. ಬರೆಯಲು ಬಾರದ ಮಗು ಯಾವ ತರಗತಿಯದೇ ಆಗಿರಲಿ, ಮರುದಿನ ಶಿಶುವರ್ಗಕ್ಕೆ ಇಳಿಯುತ್ತದೆ. ಶಿಶುವರ್ಗವೆಂದರೆ ಮೂಗು ಸೋರುವ, ಚಡ್ಡಿ ನೆನೆಸಿಕೊಳ್ಳುವ ಮೂರು ವರ್ಷದವರ ಕೋಣೆ. ಆ ನಿಯಮವನ್ನು ಅವಳೇ ಮಾಡಿದ್ದು, ಅವಳೇ ಮೆಚ್ಚಿದ್ದು.

ಮಧ್ಯಾಹ್ನ ನನಗೆ ಕರೆ ಬಂತು. ನಾನು ತಟ್ಟದೆ ಒಳಗೆ ಹೋದೆ. ಹೊರಗೆ ಕಳಿಸಿದಳು. ತಟ್ಟಿ ಬಂದೆ. ಗುಂಡುಸೂಜಿ ಮೇಜಿನ ಪಕ್ಕ, ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ನಾದಿನಿ ಒಂದು ಹಾಳೆಯನ್ನು ಎರಡೇ ಬೆರಳಿನಲ್ಲಿ ಹಿಡಿದು ನನ್ನತ್ತ ಚಾಚಿದಳು, ಸತ್ತ ಇಲಿಯ ಬಾಲ ಹಿಡಿದವಳ ಹಾಗೆ.

“ಇದು ಯಾವ ಲಿಪಿ ಅಂತ ಸ್ವಲ್ಪ ಹೇಳ್ತೀರಾ, ಮಿಸ್?”

ನೋಡಿದೆ. ಅಬ್ಬಾ, ಏನು ದುಂಡು! ಏನು ಅಂತರ! ಒಂದು ಅಕ್ಷರ ಇನ್ನೊಂದನ್ನು ತಳ್ಳುತ್ತಿಲ್ಲ, ಒಂದು ಗೀಟೂ ನಡುಗಿಲ್ಲ. ಆದರೆ ಸಾಲು ಹಾಳೆಯ ಬಲತುದಿಯಿಂದ ಹೊರಟು ಎಡಕ್ಕೆ ಬಂದಿತ್ತು, ಪ್ರತಿಯೊಂದು ಅಕ್ಷರವೂ ಮಗ್ಗುಲು ಬದಲಿಸಿತ್ತು. ‘ಚೆಂದ’ದಲ್ಲಿನ ಸೊನ್ನೆಯೊಂದು ಮಾತ್ರ ಸರಿಯಾಗಿತ್ತು, ಪಾಪ, ಅದಕ್ಕೆ ತಿರುಗಲು ಏನೂ ಇರಲಿಲ್ಲ. ವಿಚಿತ್ರವೆಂದರೆ ನನಗೆ ಅದು ಸರಾಗವಾಗಿ ಓದಲು ಬಂತು. ಈ ಅಕ್ಷರಗಳನ್ನು ನಾನು ದಿನವೂ ನೋಡುತ್ತೇನೆ. ಎಲ್ಲಿ?

“ಕನ್ನಡಿಯಲ್ಲಿ ಹಿಡಿದ್ರೆ ಓದ್ಬಹುದು, ನಾನೂ ಹಿಡಿದು ನೋಡ್ದೆ,” ಎಂದಳು ನಾದಿನಿ. “ಈ ಮಗೂಗೆ ತಲೇಲಿ ಏನೋ ತೊಂದರೆ ಇದೆ. ಒಂದಕ್ಷರ ನೆಟ್ಟಗೆ ಗುರುತಿಸಲ್ಲ.”

“ಗುರುತಿಸ್ತೀನಿ,” ಎಂದಳು ಗುಂಡುಸೂಜಿ. ಗಾಜಿನ ಬಾಗಿಲಿನ ಕಡೆ ಬೆರಳು ಮಾಡಿ, ರೂಮಿನ ಒಳಗಿನಿಂದ, ಅಂದರೆ ನಮಗೆಲ್ಲ ತಿರುಗುಮುರುಗಾಗಿ ಕಾಣುವ ಕಡೆಯಿಂದ, ಎಲ್ಲೂ ತಡವರಿಸದೆ ಓದಿದಳು: “ಬಾಗಿಲು ತಟ್ಟಿ ಒಳಗೆ ಬನ್ನಿ. ಮೇಡಂ, ಈ ಕಡೆ ಸರಿಯಾಗಿ ಬರೆದಿದ್ದಾರೆ. ಆ ಕಡೆಯಿಂದ ನೋಡಿದ್ರೆ ತಪ್ಪು.”

ನಾದಿನಿ ಕತ್ತು ಓರೆ ಮಾಡಿ ಬಾಗಿಲನ್ನು ನೋಡಿದಳು.

“ಮತ್ತೆ ಪುಸ್ತಕದಲ್ಲಿ ಇರೋದು?” ಎಂದು ಕೇಳಿದೆ.

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. “ಪುಸ್ತಕದೋರಿಗೆ ಬರೆಯೋಕೆ ಬರಲ್ಲ ಮಿಸ್. ಎಲ್ಲಾ ತಿರುಗಿಸಿ ಬರೆದುಬಿಟ್ಟಿದ್ದಾರೆ. ನೀವು ಬರೆಯೋ ಥರ ಅವರು ಬರೆಯಲ್ಲ. ನಾನು ನೀವು ಬರೆಯೋ ಥರಾನೇ ಬರೀತೀನಿ.”

ಆಗ ನನಗೆ ಹೊಳೆಯಿತು. ಆ ಅಕ್ಷರಗಳನ್ನು ನಾನು ದಿನವೂ ನೋಡುವುದು ನನ್ನ ಕೈಯ ಹಿಂದಿನಿಂದ! ಎದುರಿನವರಿಗಾಗಿ ನಾನು ತಿರುಗಿಸಿ ಎಳೆಯುವ ಅಕ್ಷರವನ್ನು ಬೆನ್ನ ಹಿಂದಿನ ಸ್ಟೂಲಿನಿಂದ ಈ ಹುಡುಗಿ ಹಾಗೆಹಾಗೇ ಎತ್ತಿಕೊಂಡಿದ್ದಳು. ಇಡೀ ಅಕ್ಷರಮಾಲೆ, ಕಾಗುಣಿತ ಸಮೇತ. ಲೋಕದ ಪುಸ್ತಕಗಳೆಲ್ಲ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಅವಳು ನನ್ನನ್ನು ನಂಬಿದ್ದಳು. ನನ್ನ ಗಂಡ ಕೂಡ ಯಾವತ್ತೂ ನನ್ನನ್ನು ಅಷ್ಟು ನಂಬಿಲ್ಲ.

ನಾನು ಎದೆಯುಬ್ಬಿಸಿ ನಾದಿನಿಗೆ ಹೇಳಿದೆ: “ಮೇಡಂ, ಇವಳಿಗೆ ಏನೂ ತೊಂದರೆ ಇಲ್ಲ. ಈ ಶಾಲೇಲಿ ನಾನು ಬರೆದಿದ್ದನ್ನ ಬರೆದ ಹಾಗೇ ಕಲಿತೋಳು ಇವಳೊಬ್ಬಳೇ. ನನ್ನ ಬೆನ್ನ ಹಿಂದೆ ಕೂತಿದ್ಲು, ನನ್ನ ಕಡೆಯಿಂದ ನೋಡಿದ್ಲು. ಎದುರಿಗೆ ಕೂರಿಸಿದ್ರೆ ಆಯ್ತು.”

“ಆಯ್ತು, ಕೂರಿಸಿ. ಶಿಶುವರ್ಗದಲ್ಲಿ,” ಎಂದಳು ನಾದಿನಿ. “ನಾಳೆ ಬೆಳಗ್ಗೆಯಿಂದ. ನಿಯಮ ಎಲ್ಲರಿಗೂ ಒಂದೇ.”

ಹೊರಗೆ ಬಂದ ಮೇಲೆ ಹುಡುಗಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ನಾನು ಬರೆಯುವುದು ನನಗಲ್ಲ, ಎದುರಿಗಿರುವವರಿಗೆ, ಅವರಿಗೆ ನೆಟ್ಟಗೆ ಕಾಣಲಿ ಅಂತ ನಾನು ತಿರುಗಿಸುತ್ತೇನೆ, ನೀನು ನನ್ನ ಕಡೆಯದನ್ನು ಕಲಿತೆ. ಅವಳು ತುಟಿ ಕಚ್ಚಿಕೊಂಡು ಕೇಳಿದಳು. ಅಳಲಿಲ್ಲ. “ಶಿಶುವರ್ಗಕ್ಕೆ ನಾನು ಹೋಗಲ್ಲ,” ಎಂದಷ್ಟೇ ಹೇಳಿ ನಡೆದುಬಿಟ್ಟಳು.

ಸಂಜೆ ದರ್ಜಿ ಅಜ್ಜಿಯ ಅಂಗಡಿಗೆ ಹೋದೆ. ಅಂಗಡಿಯೆಂದರೆ ಒಂದು ಹೊಲಿಗೆ ಮಿಷನ್ನು, ಒಂದು ಕನ್ನಡಿ, ಕಾಲಿಡಲು ಜಾಗವಿಲ್ಲದಷ್ಟು ಚಿಂದಿ. ಹುಡುಗಿ ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಳು, ನನ್ನ ಕಡೆ ತಲೆಯೆತ್ತಲಿಲ್ಲ. ಅಜ್ಜಿಗೆ ಆಗಲೇ ಸುದ್ದಿ ಮುಟ್ಟಿತ್ತು. ಕೈಯಲ್ಲಿದ್ದ ಅಂಗಿಯನ್ನು ನನ್ನ ಮುಖದ ಮುಂದೆ ಕೊಡವಿದಳು.

“ಇದನ್ನ ಹೇಗೆ ಹೊಲಿದೆ ಗೊತ್ತಾ ಟೀಚರಮ್ಮ? ಒಳಮಗ್ಗುಲು ಹೊರಗೆ ಮಾಡಿ. ಬಟ್ಟೆ ಹೊಲಿಯೋದೇ ಹಾಗೆ. ನನ್ನನ್ನ ಇದುವರೆಗೂ ಯಾರೂ ಶಿಶುವರ್ಗಕ್ಕೆ ಕಳಿಸಿಲ್ಲ.”

“ನಾನೂ ಕಳಿಸಲ್ಲ ಅಜ್ಜಿ.”

“ನೀವು ಕಳಿಸ್ತೀರೋ ಬಿಡ್ತೀರೋ, ಇವಳು ಆ ಚಿಕ್ಕ ಬೆಂಚಲ್ಲಿ ಕೂತ್ಲು ಅಂದ್ರೆ ಮಾರನೇ ದಿನದಿಂದ ಶಾಲೆ ಮೆಟ್ಟಿಲು ಹತ್ತಲ್ಲ. ನಾನು ಎತ್ತಾಕಿದ್ರೂ ಹತ್ತಲ್ಲ. ಈ ಹಟ ಎಲ್ಲಿಂದ ಬಂತು ಅಂತ ನನಗೆ ಗೊತ್ತು, ನಾನೂ ಹೀಗೇ ಹಟ ಹಿಡಿದಾಗ ನನ್ನಮ್ಮ ಶಾಲೆ ಬಿಡಿಸಿಬಿಟ್ಲು. ಆಮೇಲೆ ನಾನು ಅಕ್ಷರ ಅಂತ ಕಲಿತದ್ದು ಅಳತೆ ಟೇಪಿನ ಮೇಲಿರೋದು ಮಾತ್ರ.”

ಮೂಲೆಯಿಂದ ಗುಂಡಿಯ ದಾರ ಪಟ್ ಎಂದು ಕಡಿದ ಸದ್ದು ಬಂತು.

ಮನೆಗೆ ಬಂದರೆ ನಾದಿನಿ ನಮ್ಮಿಬ್ಬರ ಮನೆ ನಡುವಿನ ಮೋಟುಗೋಡೆಯ ಆ ಕಡೆ ಬಟ್ಟೆ ತೆಗೆಯುತ್ತಿದ್ದಳು. ಗೇಟಿನ ಹೊರಗಲ್ಲವೇ, ದನಿಗೆ ಬೆಣ್ಣೆ ಬಂದಿತ್ತು.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು. ಮಗು ಮಂದ ಅಂತ ಅಂದುಬಿಟ್ರೆ ಮಾತು ಅಲ್ಲಿಗೆ ಮುಗೀತು. ಇಲ್ದಿದ್ರೆ ಏನಾಗುತ್ತೆ ಹೇಳಿ? ‘ಗಾಳಿ ಮಿಸ್ ಕಲಿಸಿದ್ದೇ ಉಲ್ಟಾ’ ಅಂತ ಊರು ಆಡ್ಕೊಳ್ಳುತ್ತೆ. ಇಷ್ಟು ವರ್ಷದ ಹೆಸರು ನೀರಲ್ಲಿ ಬರೆದ ಹಾಗೆ ಹೋಗುತ್ತೆ.”

ಅವಳು ನನ್ನನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಿದ್ದಳು. ಹೆಸರು ಎಂದರೆ ನನಗೆ ಜೀವ. ಹೆಸರಿಗಾಗಿ ನಾನು ಏನೆಲ್ಲ ಹೇಳಿಲ್ಲ? ಆದರೆ ಅದನ್ನು ಉಳಿಸಿಕೊಳ್ಳಲು ಏಳು ವರ್ಷದ ಹುಡುಗಿಯ ತಲೆ ಕೆಟ್ಟಿದೆ ಎಂದು ಸಾರಬೇಕೆ? ಅದೂ ನನ್ನನ್ನು ನಂಬಿ ಇಡೀ ಪುಸ್ತಕವನ್ನೇ ತಪ್ಪೆಂದವಳ ತಲೆ?

“ನೋಡಮ್ಮ,” ಎಂದೆ ಗೋಡೆಯ ಮೇಲೆ ಮೊಣಕೈ ಊರಿ, “ಊರು ಆಡ್ಕೊಳ್ಳಲಿ. ಪಿಸುಪಿಸು ಅಂತ ಬೇಡ, ಮೈಕ್ ಹಾಕ್ಕೊಂಡು ಆಡ್ಕೊಳ್ಳಲಿ. ಬೆನ್ನು ತೋರಿಸಿಕೊಂಡು ಇಡೀ ಅಕ್ಷರಮಾಲೆ ಕಲಿಸಿದೋಳು ಈ ಭೂಮಿ ಮೇಲೆ ಇನ್ನೊಬ್ಬಳು ಇದ್ರೆ ತೋರಿಸು. ನಿನ್ನ ಟೀಚರುಗಳು ಎದುರಿಗೆ ನಿಂತು ಬಡ್ಕೊಂಡ್ರೂ ಮಕ್ಕಳಿಗೆ ಹತ್ತಲ್ಲ!”

“ಹಾಗಾದ್ರೆ ನಾಳೆ ಏನು ಮಾಡ್ತೀರಾ?”

“ನೀನು ಹೇಳಿದ್ದನ್ನೇ ಮಾಡ್ತೀನಿ. ಚಾಚೂ ತಪ್ಪದೆ.”

ಅವಳಿಗೆ ಅನುಮಾನ ಬಂತು. ಬರಲೇಬೇಕು. ನನ್ನ ಗಂಡ ಒಳಗಿನಿಂದ ಇಣುಕಿ, ಹೆಂಡತಿ ಒಂದು ಕಡೆ, ತಂಗಿ ಒಂದು ಕಡೆ ಇದ್ದುದನ್ನು ಕಂಡು ಹಾಗೇ ಹಿಂದೆ ಸರಿದ. ಅವನ ಬುದ್ಧಿವಂತಿಕೆಯ ಬಗ್ಗೆ ನನಗೆ ಯಾವತ್ತೂ ಸಂಶಯವಿಲ್ಲ.

ಬೆಳಗ್ಗೆ ಗುಂಡುಸೂಜಿ ಶಾಲೆಯ ಗೇಟಿನ ಕಂಬ ಹಿಡಿದು ನಿಂತಿದ್ದಳು. ಅಜ್ಜಿ ಒಳಕ್ಕೆ ತಳ್ಳುತ್ತಿದ್ದಳು, ಕಂಬ ಬಿಡುತ್ತಿರಲಿಲ್ಲ. ನಾನು ಹೋಗಿ ಹುಡುಗಿಯ ಇನ್ನೊಂದು ಕೈ ಹಿಡಿದೆ.

“ಬಾ. ಶಿಶುವರ್ಗಕ್ಕೆ ಹೋಗೋಣ.”

“ಹೋಗಲ್ಲ ಅಂದ್ನಲ್ಲ.”

“ಹೋಗೋಣ ಅಂದೆ, ಹೋಗು ಅನ್ಲಿಲ್ಲ. ನನ್ನ ಕೈಯಿಂದ ಕಲಿತೋಳು ಶಿಶುವರ್ಗಕ್ಕೆ ಅಂದ್ರೆ, ಆ ಕೈ ಎಲ್ಲಿರಬೇಕು? ಅಲ್ಲೇ ತಾನೇ? ನಾನೂ ನಿನ್ನ ಜೊತೆ ಚಿಕ್ಕ ಬೆಂಚಲ್ಲಿ ಕೂರ್ತೀನಿ.”

ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ಅಳೆದಳು, ದರ್ಜಿಯ ಮೊಮ್ಮಗಳಲ್ಲವೇ? “ನೀವು ಹಿಡಿಸಲ್ಲ, ಮಿಸ್.”

“ನೋಡೇ ಬಿಡೋಣ.”

ಕಂಬದಿಂದ ಕೈ ಬಿಟ್ಟಳು.

ಶಿಶುವರ್ಗದ ಮಿಸ್ ಹೊಸಬಳು; ಯಾವಾಗಲೂ ಒಂದು ಮಗು ಸೊಂಟದಲ್ಲಿ, ಇನ್ನೊಂದು ಕಾಲಿನಲ್ಲಿ ಜೋತುಬಿದ್ದಿರುತ್ತದೆ. ನಾನು ಒಳಗೆ ನುಗ್ಗಿ ಚಿಕ್ಕ ಬೆಂಚಿನ ಮೇಲೆ ಆಸೀನಳಾದಾಗ ಆ ಬೆಂಚು ಇಟ್ಟ ಕೂಗಿಗೆ ಊರಾಚೆಯ ರೈಲು ನಿಂತಿತಂತೆ. ನನ್ನ ಮಂಡಿಗಳು ಕಿವಿಯ ಎತ್ತರಕ್ಕೆ ಬಂದವು. ಗುಂಡುಸೂಜಿ ಪಕ್ಕದಲ್ಲಿ ಕೂತು, ನಗು ತಡೆಯಲಾಗದೆ ಕಾಲರ್ ಕಚ್ಚಿಕೊಂಡಳು.

“ಇದೇನ್ ಮಿಸ್ ಇದು?” ಎಂದಳು ಶಿಶುವರ್ಗದ ಮಿಸ್.

“ಹೊಸದಾಗಿ ಸೇರಿದ್ದೀವಿ. ನಮ್ಮ ಮೂಗು ನಾವೇ ಒರೆಸ್ಕೋತೀವಿ, ನೀನು ಹೆದರಬೇಡ.”

ಅಷ್ಟರಲ್ಲಿ ಕಾರಿಡಾರಿನಲ್ಲಿ ದಡದಡ ಸದ್ದು. ನಮ್ಮ ಎರಡನೇ ತರಗತಿಯ ದಂಡು ಮಿಸ್ ಕಾಣದೆ ಹುಡುಕಿಕೊಂಡು ಬಂದಿತ್ತು. ಬಾಗಿಲಿನ ಗಾಜಿಗೆ ಮೂಗು ಒತ್ತಿ ನಮ್ಮನ್ನು ನೋಡಿದರು, ಒಳಗೆ ಬಂದರು, ಯಾರೂ ಹೇಳದಿದ್ದರೂ ಕೂತರು. ಬೆಂಚಿನ ಮೇಲೆ, ಕೆಳಗೆ, ಆಟದ ಕುದುರೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ. ಶಿಶುಗಳು ಖುಷಿಯಿಂದ ಅವರ ಕಿವಿ ಎಳೆಯತೊಡಗಿದವು. ಒಬ್ಬ ಮಾತ್ರ ಅನುಮಾನದಿಂದ ಕೇಳಿದ, “ಮಿಸ್, ನಾವೂ ಫೇಲಾ?”

“ನಾವೆಲ್ಲ ಫೇಲು ಕಣೋ. ಜೋರಾಗಿ ಹೇಳು.”

ಹೇಳಿದರು. ಗೋಡೆಯ ಮೇಲಿನ ಚಿತ್ರಗಳು ಅಲುಗಿದವು.

ಕೋಣೆಯಲ್ಲಿ ಹಾಳೆ ಪೆನ್ಸಿಲ್ ಇರಲಿಲ್ಲ. ಸೀಮೆಸುಣ್ಣದ ತುಂಡುಗಳಿದ್ದವು. “ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಬರೀರಿ,” ಎಂದೆ. ಮಕ್ಕಳು ನೆಲದ ಮೇಲೆ, ಬೆಂಚಿನ ಮೇಲೆ, ಒಂದಿಬ್ಬರು ಒಬ್ಬರ ಬೆನ್ನ ಮೇಲೊಬ್ಬರು ಬರೆಯತೊಡಗಿದರು. ನಾನು ಎಂದಿನಂತೆ ಎದ್ದುನಿಂತು ಗಾಳಿಯಲ್ಲಿ ಕೈ ಬೀಸಿದೆ. ಎದ್ದಾಗ ಬೆಂಚೂ ನನ್ನ ಜೊತೆಗೇ ಎದ್ದಿತು, ಅದನ್ನು ಶಿಶುವರ್ಗದ ಮಿಸ್ ಎಳೆದು ಬಿಡಿಸಿದಳು.

ಗುಂಡುಸೂಜಿ ಎಲ್ಲಿ ಎಂದು ನೋಡಿದೆ. ಬಾಗಿಲು ಮುಚ್ಚಿತ್ತು. ಅವಳು ಬಾಗಿಲಿನ ಎದುರು ತುದಿಗಾಲಲ್ಲಿ ನಿಂತು, ಸೀಮೆಸುಣ್ಣವನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಗಾಜಿನ ಮೇಲೆ ಭುಜದಿಂದ ಕೈಯಾಡಿಸುತ್ತಿದ್ದಳು. ಬಲದಿಂದ ಎಡಕ್ಕೆ. ನಡುಗದೆ, ನಿಲ್ಲದೆ. ನಾನು ಓದಿದೆ. ಬಾಯಿಗೆ ಬಂದ ನಗುವನ್ನು ನುಂಗಿದ ಕಷ್ಟ ನನಗೊಬ್ಬಳಿಗೇ ಗೊತ್ತು.

ಕಾರಿಡಾರಿನ ಆ ತುದಿಯಿಂದ ನಾದಿನಿಯ ಚಪ್ಪಲಿಯ ಸದ್ದು ಕೇಳಿಸಿತು. ಮೊದಲು ನನ್ನ ಖಾಲಿ ತರಗತಿಯ ಮುಂದೆ ನಿಂತಿತು. ಆಮೇಲೆ ವೇಗವಾಗಿ ಈ ಕಡೆ ಹೊರಟಿತು. ಆ ನಡಿಗೆಯ ಕೋಪಕ್ಕೆ ನೆಲದ ಕಲ್ಲುಗಳೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿರಬೇಕು. ಮಕ್ಕಳೆಲ್ಲ ಗಪ್‌ಚುಪ್. ಹುಡುಗಿ ಓಡಿಬಂದು ನನ್ನ ಪಕ್ಕ ನಿಂತಳು. ಅವಳ ಕೈ ನನ್ನ ಕೈಯೊಳಗೆ ಬಂತು, ಸುಣ್ಣದ ಪುಡಿಯೊಂದಿಗೆ, ಸ್ವಲ್ಪ ತಣ್ಣಗೆ.

ಗಾಜಿನ ಹೊರಗೆ ನಾದಿನಿಯ ಮುಖ ಕಾಣಿಸಿತು. ಬಾಗಿಲು ಒದ್ದೇ ಒಳಗೆ ಬರುವ ಹುರುಪಿನಲ್ಲಿತ್ತು. ಆ ಮುಖ ಗಾಜನ್ನು ನೋಡಿತು. ಆ ಕಡೆಯಿಂದ ಅಕ್ಷರಗಳು ನೆಟ್ಟಗೆ, ದುಂಡಗೆ, ಎಡದಿಂದ ಬಲಕ್ಕೆ, ಅವಳ ರೂಮಿನ ಬಾಗಿಲಿನ ಮೇಲಿದ್ದಂತೆಯೇ ಇದ್ದವು: ಬಾಗಿಲು ತಟ್ಟಿ ಒಳಗೆ ಬನ್ನಿ.

ಕೈ ತಾನಾಗಿ ಮೇಲೆದ್ದಿತು.

ಟಕ ಟಕ.

“ಬನ್ನಿ ಮೇಡಂ,” ಎಂದೆ ನಾನು. ಹಾಗೆ ಹೇಳುವ ಭಾಗ್ಯಕ್ಕೆ ಎಷ್ಟು ವರ್ಷ ಕಾದಿದ್ದೆನೋ!

ಒಳಗೆ ಬಂದ ಮೇಲಷ್ಟೇ ಅವಳಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾದದ್ದು. ತನ್ನ ಬೆರಳುಗಂಟನ್ನು ನೋಡಿಕೊಂಡಳು, ತಿರುಗಿ ಗಾಜನ್ನು ನೋಡಿದಳು. ಈ ಕಡೆಯಿಂದ ಅದು ನಿನ್ನೆಯ ಹಾಳೆಯ ಹಾಗೇ ಮಗ್ಗುಲು ಬದಲಿಸಿ ಕೂತಿತ್ತು. ಹೊರಗೆ ಹೋಗಿ ಓದಿದಳು. ಒಳಗೆ ಬಂದು ಓದಿದಳು. ಮತ್ತೆ ಬರುವಾಗ ಇನ್ನೊಮ್ಮೆ ತಟ್ಟಿದಳೆಂದು ಮಕ್ಕಳು ಆಣೆ ಮಾಡಿ ಹೇಳುತ್ತಾರೆ. ನಾನೂ ಅದನ್ನು ಅಲ್ಲಗಳೆಯುವುದಿಲ್ಲ.

“ಯಾರು ಬರೆದಿದ್ದು?”

“ನಾನು,” ಎಂದಳು ಗುಂಡುಸೂಜಿ. ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ನಿಂತಳು. “ನೀವು ಆ ಕಡೆಯಿಂದ ಬರ್ತೀರಲ್ಲ ಮೇಡಂ, ಅದಕ್ಕೆ ನಿಮಗೆ ನೆಟ್ಟಗೆ ಕಾಣೋ ಹಾಗೆ ಬರೆದೆ. ನಮ್ಮ ಮಿಸ್ ಥರ. ಓದೋಕೆ ಬಂತಾ?”

ಓದೋಕೆ ಬಂದಿತ್ತು ಎಂಬುದಕ್ಕೆ ಕೋಣೆ ತುಂಬ ಸಾಕ್ಷಿಗಳಿದ್ದರು.

“ಅಕ್ಷರ ಬರದವರು ಶಿಶುವರ್ಗಕ್ಕೆ ಅಂದ್ರಿ,” ಎಂದೆ. “ಇವಳು ಬರೆದಳು, ನೀವು ಓದಿದ್ರಿ, ಅದು ಹೇಳಿದ ಹಾಗೆ ಮಾಡಿದ್ರಿ ಕೂಡ. ನಾನು ಇಷ್ಟು ವರ್ಷ ಬಾಯಲ್ಲಿ ಹೇಳಿದ ಒಂದು ಮಾತನ್ನಾದ್ರೂ ನೀವು ಕೇಳಿದ್ದುಂಟಾ? ಇನ್ನೂ ಅವಳನ್ನ ಇಲ್ಲೇ ಕೂರಿಸೋದಾದ್ರೆ ಕೂರಿಸಿ. ನಾವೂ ಏಳಲ್ಲ.”

“ಅತ್ತಿಗೆ,” ಎಂದಳು. ಗೇಟಿನ ಒಳಗೆ, ಮಕ್ಕಳೆದುರು, ಮೊಟ್ಟಮೊದಲ ಸಲ. “ಅತ್ತಿಗೆ, ದಯವಿಟ್ಟು ಆ ಬೆಂಚು ಮುರಿಯೋ ಮೊದಲು ನಿಮ್ಮ ತರಗತಿಗೆ ಹೋಗಿ.”

“ಎಲ್ಲರೂ?”

ಅವಳು ಹುಡುಗಿಯನ್ನು ನೋಡಿದಳು. “ಎಲ್ಲರೂ. ಬಡಗಿಗೆ ಇವತ್ತು ನಾನೇ ಹೋಗಿ ಹೇಳ್ತೀನಿ. ಆದ್ರೆ ಇವಳು ಎದುರಿಗೆ ಕೂತು ಸರಿಯಾಗಿ ಕಲೀಬೇಕು. ಮುಂದಿನ ಸಲ ಹಾಳೇಲಿ ಬರೀಬೇಕು, ಗಾಜಿನಲ್ಲಲ್ಲ.” ಬಾಗಿಲ ತನಕ ಹೋಗಿ ತಿರುಗಿದಳು. “ಆ ಗಾಜು ಒರೆಸಿಬಿಡಿ.”

“ಒರೆಸಲ್ಲ,” ಎಂದೆ.

“ಒರೆಸಲ್ಲ,” ಎಂದಳು ಗುಂಡುಸೂಜಿ.

“ಒರೆಸಲ್ಲ,” ಎಂದಳು ಶಿಶುವರ್ಗದ ಮಿಸ್, ಸೊಂಟದ ಮಗುವನ್ನು ಸರಿಯಾಗಿ ಕೂರಿಸಿಕೊಂಡು. ಅವಳ ಬಾಯಲ್ಲಿ ಅಂಥ ಮಾತು ಬಂದದ್ದಕ್ಕೆ ಅವಳೇ ಬೆಚ್ಚಿದಳು.

ಆ ಬರಹ ಇವತ್ತಿಗೂ ಅಲ್ಲೇ ಇದೆ. ಮಾಸಿದಾಗಲೆಲ್ಲ ಯಾರೋ ತಿದ್ದುತ್ತಾರೆ. ನಾದಿನಿ ಆ ದಾರಿಯಲ್ಲಿ ಬಂದಾಗ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾಳೆ, ಆದರೂ ಒಮ್ಮೊಮ್ಮೆ ಟಕ ಟಕ ಎಂದು ಕೇಳಿಸುತ್ತದೆ.

ಗುಂಡುಸೂಜಿಯನ್ನು ಅವತ್ತೇ ಮೊದಲ ಸಾಲಿನಲ್ಲಿ, ನನ್ನ ಮುಖಕ್ಕೆ ನೇರವಾಗಿ ಕೂರಿಸಿದೆ. ಇಬ್ಬರ ನಡುವೆ ತೂರಿ ಜಾಗ ಮಾಡಿಕೊಂಡಳು. ಬೆಂಕಿಕಡ್ಡಿಯ ಡಬ್ಬಿ ಹೊತ್ತಿಕೊಳ್ಳಲಿಲ್ಲ. ಕಲಿಯುವುದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತೀರಾ? ನಾನು ಕೈಯೆತ್ತಿ ‘ಅ’ದಿಂದ ಹೊರಟು ‘ಳ’ ಮುಟ್ಟುವಷ್ಟರಲ್ಲಿ ಅವಳು ಎಲ್ಲವನ್ನೂ ಮಗ್ಗುಲು ಹೊರಳಿಸಿ ಮುಗಿಸಿ, ಆಕಳಿಸುತ್ತಿದ್ದಳು. ನಂಬದವರು ಬಂದು ಪರೀಕ್ಷಿಸಬಹುದು. ಬಾಗಿಲು ತಟ್ಟಿ ಬನ್ನಿ.

ಅವಳು ಆಮೇಲೆ ಪುಸ್ತಕ ತೆರೆದಳು. ಒಂದು ಪುಟದ ಮೇಲೆ ಬೆರಳಾಡಿಸಿದಳು, ಇನ್ನೊಂದು ತಿರುವಿದಳು. ಮುಖದಲ್ಲಿ ತೃಪ್ತಿ ಮೂಡಿತು.

“ಮಿಸ್,” ಎಂದು ಎದ್ದುನಿಂತು ಇಡೀ ತರಗತಿಗೆ ಕೇಳುವ ಹಾಗೆ ಹೇಳಿದಳು, “ಪುಸ್ತಕದೋರು ತಿದ್ಕೊಂಡಿದ್ದಾರೆ.”

“ತಿದ್ಕೊಳ್ಳದೆ ಏನು ಮಾಡ್ತಾರೆ?” ಎಂದೆ.